ಮಿಲ್ ಆಫೀಸಿನ ಮೂಲೆಯಲ್ಲೊಂದು ಸ್ವಂತ ಕ್ಲೌಡ್: ಪ್ರಾಕ್ಸ್‌ಮಾಕ್ಸ್ ಕೂರಿಸುವುದು ಹೇಗೆ?

ಗಂಗಾವತಿ ಕಡೆಯ ರೈಸ್ ಮಿಲ್ ಆಫೀಸುಗಳಲ್ಲಿ ಕಂಪ್ಯೂಟರ್‌ಗಳ ವ್ಯವಸ್ಥೆ ಹೆಚ್ಚುಕಮ್ಮಿ ಒಂದೇ ಥರ. ಟ್ಯಾಲಿಗೆ ಒಂದು, ವೇ ಬ್ರಿಡ್ಜ್‌ಗೆ ಒಂದು, ಬಿಲ್ಲಿಂಗ್‌ಗೆ ಒಂದು. ಜೊತೆಗೆ ಎಲ್ಲರ ಫೈಲುಗಳೂ ಇರುವ, ‘ಸರ್ವರ್’ ಅಂತ ಕರೆಸಿಕೊಳ್ಳುವ ಹಳೇ ಪಿಸಿ ಒಂದು. ಅದರ ಒಳಗೆ ತೌಡಿನ ಪುಡಿ, ಮೇಲೆ ಚಹಾದ ಗ್ಲಾಸು. ಅದು ಕೆಟ್ಟ ದಿನ ಮಿಲ್ ಓಡುತ್ತಲೇ ಇರುತ್ತದೆ, ಲೆಕ್ಕ ಮಾತ್ರ ನಿಂತುಬಿಡುತ್ತದೆ. ರಾಯಚೂರಿನ ಹತ್ತಿ ಅಡತಿ ಅಂಗಡಿ, ಬಳ್ಳಾರಿಯ ಜೀನ್ಸ್ ಯೂನಿಟ್, ಕೊಪ್ಪಳದ ಕಾಲೇಜಿನ ಲ್ಯಾಬ್, ಎಲ್ಲ ಕಡೆ ಸ್ವಲ್ಪ ಹೆಚ್ಚುಕಮ್ಮಿ ಇದೇ ಕಥೆ.

ಈ ಕೆಲಸಗಳನ್ನೆಲ್ಲ ಒಂದು ಒಳ್ಳೆಯ ಯಂತ್ರಕ್ಕೆ ತಂದು, ಅದರೊಳಗೆ ಒಂದೊಂದಕ್ಕೂ ಬೇರೆ ಬೇರೆ ವರ್ಚುವಲ್ ಕಂಪ್ಯೂಟರ್ (ವರ್ಚುವಲ್ ಮಷಿನ್, ಚಿಕ್ಕದಾಗಿ ವಿಎಂ) ಮಾಡಿ ಕೊಡುವುದು ಹೇಗೆ ಅನ್ನುವುದೇ ಈ ಲೇಖನ. ಬಳಸುವ ಸಾಫ್ಟ್‌ವೇರ್ ಪ್ರಾಕ್ಸ್‌ಮಾಕ್ಸ್. ಅದು ಓಪನ್ ಸೋರ್ಸ್, ದುಡ್ಡು ಕೊಡಬೇಕಿಲ್ಲ. ಅದನ್ನು ಹಾಕುವುದಕ್ಕೆ ಅರ್ಧ ದಿನ ಸಾಕು. ನಮ್ಮ ಕಡೆ ನಿಜವಾಗಿ ತಲೆ ತಿನ್ನುವುದು ಕರೆಂಟು, ಧೂಳು, ಬಿಸಿಲು ಮತ್ತು ಬ್ಯಾಕಪ್. ಅದಕ್ಕೇ ಆ ಭಾಗಗಳಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಯಾವ ಸಾಫ್ಟ್‌ವೇರ್, ಯಾಕೆ?

ಒಂದು ಯಂತ್ರದೊಳಗೆ ಹಲವು ಯಂತ್ರ ಓಡಿಸುವ ಸಾಫ್ಟ್‌ವೇರ್‌ಗೆ ಹೈಪರ್‌ವೈಸರ್ ಅನ್ನುತ್ತಾರೆ. ಓಪನ್ ಸೋರ್ಸ್‌ನಲ್ಲಿ ಎರಡು ದೊಡ್ಡ ಮನೆತನಗಳಿವೆ. ಒಂದು ಝೆನ್. ಇದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2003ರಲ್ಲಿ ಹೊರಬಂತು. 2006ರಲ್ಲಿ ಅಮೆಜಾನ್ ಸರ್ವರ್ ಬಾಡಿಗೆ ಕೊಡಲು ಶುರು ಮಾಡಿದ್ದು ಇದರ ಮೇಲೆಯೇ. ಇನ್ನೊಂದು ಕೆವಿಎಂ. ಇದು 2007ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.6.20 ಆವೃತ್ತಿಯೊಳಗೇ ಸೇರಿಹೋಯಿತು. 2017ರಿಂದ ಅಮೆಜಾನ್ ಕೂಡ ತನ್ನ ಹೊಸ ಸರ್ವರ್‌ಗಳನ್ನು ಕೆವಿಎಂ ಆಧಾರದ ವ್ಯವಸ್ಥೆಗೆ ತಂದಿದೆ. ಅಂದರೆ ನಿಮ್ಮ ಆಫೀಸಿನ ಮೂಲೆಯಲ್ಲಿ ಓಡುವ ಎಂಜಿನ್ ಆಟಿಕೆಯದಲ್ಲ.

ಬರೀ ಕೆವಿಎಂ ಕೈಗೆ ಸಿಕ್ಕರೆ ಎಲ್ಲವನ್ನೂ ಕಮಾಂಡ್ ಬರೆದೇ ಮಾಡಬೇಕು. ಅದರ ಮೇಲೆ ಒಂದು ವೆಬ್ ಪರದೆ, ಬ್ಯಾಕಪ್, ಸ್ಟೋರೇಜ್ ಎಲ್ಲ ಜೋಡಿಸಿ ಕೊಟ್ಟಿರುವುದು ಪ್ರಾಕ್ಸ್‌ಮಾಕ್ಸ್ ವಿಇ. ಆಸ್ಟ್ರಿಯಾ ದೇಶದ ವಿಯೆನ್ನಾದ ಕಂಪನಿಯದು, 2008ರಿಂದ ಇದೆ, ಡೆಬಿಯನ್ ಲಿನಕ್ಸ್ ಮೇಲೆ ಕೂತಿದೆ. ಝೆನ್ ಬೇಕು ಅನ್ನುವವರಿಗೆ ಎಕ್ಸ್‌ಸಿಪಿ-ಎನ್‌ಜಿ ಇದೆ, ಅದೂ ಒಳ್ಳೆಯದೇ. ನೋಡಿಕೊಳ್ಳುವವರು ಒಬ್ಬರೇ ಇರುವ ಜಾಗಕ್ಕೆ ನಾನು ಹೇಳುವುದು ಪ್ರಾಕ್ಸ್‌ಮಾಕ್ಸ್. ಅದರ ಬಗ್ಗೆ ಹುಡುಕಿದರೆ ಉತ್ತರ ಬೇಗ ಸಿಗುತ್ತದೆ. ರಾತ್ರಿ ಹನ್ನೊಂದಕ್ಕೆ ಏನಾದರೂ ಕೈಕೊಟ್ಟಾಗ ಬೇಕಾಗುವುದು ಅದೇ.

ಈಗಾಗಲೇ ವಿಎಂವೇರ್ ಅನ್ನುವ, ದುಡ್ಡು ಕೊಟ್ಟು ಕೊಳ್ಳುವ ಹೈಪರ್‌ವೈಸರ್ ಇಟ್ಟುಕೊಂಡವರಿಗೆ ಒಂದು ಮಾತು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ ಅದನ್ನು ಕೊಂಡ ಮೇಲೆ ಒಮ್ಮೆ ಕೊಂಡು ಇಟ್ಟುಕೊಳ್ಳುವ ಲೈಸೆನ್ಸ್ ಮಾರಾಟ ನಿಂತು, ಚಂದಾ ಪದ್ಧತಿ ಬಂತು. ಅಲ್ಲಿಂದ ಬರುವವರಿಗಾಗಿ ಪ್ರಾಕ್ಸ್‌ಮಾಕ್ಸ್ 8.2ರಿಂದ ನೇರ ಇಂಪೋರ್ಟ್ ಸೌಲಭ್ಯ ಇದೆ.

ಯಂತ್ರ

ಪ್ರೊಸೆಸರ್‌ನಲ್ಲಿ ವರ್ಚುವಲೈಸೇಷನ್ ಸೌಲಭ್ಯ ಇರಲೇಬೇಕು. ಇಂಟೆಲ್‌ನಲ್ಲಿ ಅದರ ಹೆಸರು ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ. ಸದ್ಯ ವಿಂಡೋಸ್ ಓಡುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆಗೆದು, ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ಒತ್ತಿ. ‘ವರ್ಚುವಲೈಸೇಷನ್: ಎನೇಬಲ್ಡ್’ ಅಂತ ಕಂಡರೆ ಸರಿ. ಇಲ್ಲವಾದರೆ ಬಯೋಸ್‌ಗೆ (ಯಂತ್ರ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್‌ಗಳಿಗೆ) ಹೋಗಿ ಆನ್ ಮಾಡಿ.

ಪ್ರೊಸೆಸರ್‌ಗಿಂತ ರ‍್ಯಾಮ್‌ಗೆ ದುಡ್ಡು ಹಾಕಿ. ಸಾಧಾರಣ ಮಿಲ್ ಆಫೀಸಿಗೆ 32 ಜಿಬಿ ನಡೆಯುತ್ತದೆ, 64 ಇದ್ದರೆ ನಿಶ್ಚಿಂತೆ. ಡಿಸ್ಕ್ ಒಂದೇ ಅಳತೆಯ ಎರಡು ಎಸ್‌ಎಸ್‌ಡಿ ಬೇಕು, ಒಂದು ಹೋದರೆ ಇನ್ನೊಂದು ನಡೆಸಲಿ ಅಂತ. ಸಾಧ್ಯವಾದರೆ ಕರೆಂಟು ಹೋದಾಗ ಬರೆಯುತ್ತಿದ್ದ ಡೇಟಾ ಉಳಿಸಿಕೊಳ್ಳುವ ಸರ್ವರ್ ದರ್ಜೆಯದು ತೊಗೊಳ್ಳಿ. ಅಗ್ಗದ ಎಸ್‌ಎಸ್‌ಡಿಗಳು ಈ ಕೆಲಸದಲ್ಲಿ ಬೇಗ ಸವೆಯುತ್ತವೆ.

ಸೆಕೆಂಡ್ ಹ್ಯಾಂಡ್ ರ‍್ಯಾಕ್ ಸರ್ವರ್ ಕಡಿಮೆ ಬೆಲೆಗೆ ಸಿಗುತ್ತದೆ, ಆಸೆಯೂ ಆಗುತ್ತದೆ. ಕೊಳ್ಳುವ ಮೊದಲು ಒಂದು ಲೆಕ್ಕ ಹಾಕಿ. ಅದು ಸುಮ್ನೆ ಕೂತಿದ್ದಾಗಲೂ 200 ವ್ಯಾಟ್ ಎಳೆದರೆ ತಿಂಗಳಿಗೆ 144 ಯೂನಿಟ್. 40 ವ್ಯಾಟ್ ಎಳೆಯುವ ಸಣ್ಣ ಯಂತ್ರ ಆದರೆ 29 ಯೂನಿಟ್ ಅಷ್ಟೇ. ಮೇಲೆ ರ‍್ಯಾಕ್ ಸರ್ವರ್‌ನ ಫ್ಯಾನ್ ಸದ್ದು. ಪಕ್ಕದಲ್ಲೇ ಗುಮಾಸ್ತರು ಕೂರಬೇಕಾದ ಜಾಗದಲ್ಲಿ ಟವರ್ ಸರ್ವರ್ ಅಥವಾ ಒಳ್ಳೆಯ ವರ್ಕ್‌ಸ್ಟೇಷನ್ ವಾಸಿ. ಹಳೇ ಸರ್ವರ್ ತೊಗೊಂಡೇಬಿಟ್ಟರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ತೋರಿಸುವ ಅದರ ರೇಡ್ ಕಾರ್ಡ್ ಬಗ್ಗೆ ವಿಚಾರಿಸಿ. ಕೆಳಗೆ ಹೇಳುವ ಝಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್‌ಗೆ ಡಿಸ್ಕ್‌ಗಳು ನೇರವಾಗಿ ಕಾಣಬೇಕು, ನಡುವೆ ರೇಡ್ ಕಾರ್ಡ್ ಅಡ್ಡ ಬರಬಾರದು. ಕಾರ್ಡನ್ನು ಐಟಿ ಮೋಡ್ ಅಥವಾ ಎಚ್‌ಬಿಎ ಮೋಡ್‌ಗೆ ಹಾಕಿಸಿ.

ಒಳಗೆ ಏನು ಹಾಕಬೇಕು, ಏನು ಬಿಡಬೇಕು

ಟ್ಯಾಲಿ ಇರುವ ವಿಂಡೋಸ್, ಬಿಲ್ಲಿಂಗ್ ಡೇಟಾಬೇಸ್, ಫೈಲ್ ಶೇರಿಂಗ್ ಇವೆಲ್ಲ ಒಳಗೆ ಬರಲಿ. ವೇ ಬ್ರಿಡ್ಜ್ ಪಿಸಿಯನ್ನು ನಾನು ಹೊರಗೇ ಬಿಡುತ್ತೇನೆ. ತೂಕದ ಇಂಡಿಕೇಟರ್‌ನಿಂದ ಬರುವ ಸೀರಿಯಲ್ ಕೇಬಲ್ ಹದಿನೈದು ಮೀಟರ್ ದಾಟಿದರೆ ನಂಬುವಂತಿಲ್ಲ. ಯುಎಸ್‌ಬಿ ಪಾಸ್‌ಥ್ರೂ ಮಾಡಿ ವಿಎಂ ಒಳಗೆ ಕೊಡಬಹುದು ನಿಜ. ಆದರೆ ಭತ್ತದ ಸೀಸನ್‌ನಲ್ಲಿ ಸರ್ವರ್ ರೀಸ್ಟಾರ್ಟ್ ಮಾಡಬೇಕಾಗಿ ಬಂದರೆ ಗೇಟಿನ ಹೊರಗೆ ಲಾರಿ ಸಾಲು ನಿಲ್ಲುತ್ತದೆ. ಆ ಪಿಸಿ ತನ್ನ ಪಾಡಿಗೆ ತೂಕ ಹಾಕಲಿ, ಡೇಟಾದ ಕಾಪಿ ಮಾತ್ರ ಸರ್ವರ್‌ಗೆ ಬರಲಿ.

ಸಿಸಿಟಿವಿ ರೆಕಾರ್ಡಿಂಗ್ ಕೂಡ ಬೇಡ. ಇಪ್ಪತ್ನಾಲ್ಕು ಗಂಟೆಯೂ ಬರೆಯುತ್ತಲೇ ಇರುವ ಕೆಲಸ ಅದು, ನಿಮ್ಮ ಎಸ್‌ಎಸ್‌ಡಿಯನ್ನು ಸುಮ್ನೆ ತಿಂದುಹಾಕುತ್ತದೆ. ಅದಕ್ಕೆ ಅದರದ್ದೇ ಎನ್‌ವಿಆರ್ (ವಿಡಿಯೋ ರೆಕಾರ್ಡರ್) ಇರಲಿ.

ಇನ್‌ಸ್ಟಾಲ್

ಪ್ರಾಕ್ಸ್‌ಮಾಕ್ಸ್‌ನ ಅಧಿಕೃತ ತಾಣದಿಂದ ಐಎಸ್‌ಒ ಫೈಲ್ (ಇನ್‌ಸ್ಟಾಲ್ ಸಿಡಿಯ ಪೂರ್ತಿ ಕಾಪಿ) ಇಳಿಸಿಕೊಳ್ಳಿ. ಪೆನ್‌ಡ್ರೈವ್‌ಗೆ ಬರೆಯಲು ಬಲೆನಾ ಎಚರ್ ಬಳಸಿ. ರೂಫಸ್ ಬಳಸುವುದಾದರೆ ಅದು ಕೇಳಿದಾಗ ‘ಡಿಡಿ ಮೋಡ್’ ಆರಿಸಬೇಕು, ಇಲ್ಲದಿದ್ದರೆ ಬೂಟ್ ಆಗುವುದಿಲ್ಲ. ಇನ್‌ಸ್ಟಾಲ್ ಆಗುವಾಗ ಡಿಸ್ಕ್‌ನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ. ಹಳೇ ಡೇಟಾ ಇದ್ದರೆ ಮೊದಲೇ ತೆಗೆದಿಟ್ಟುಕೊಳ್ಳಿ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಮೊದಲ ಮುಖ್ಯ ಪ್ರಶ್ನೆ ಯಾವ ಡಿಸ್ಕ್ ಅಂತ. ಅಲ್ಲೇ ‘ಆಪ್ಷನ್ಸ್’ ಒತ್ತಿ ಫೈಲ್ ಸಿಸ್ಟಮ್ ಜಾಗದಲ್ಲಿ ‘ಝಡ್‌ಎಫ್‌ಎಸ್ ರೇಡ್1’ (ಎರಡೂ ಡಿಸ್ಕ್‌ಗೆ ಒಂದೇ ಡೇಟಾ ಬರೆಯುವ ಜೋಡಿ) ಆರಿಸಿ, ಎರಡೂ ಎಸ್‌ಎಸ್‌ಡಿಗಳನ್ನು ಗುರುತಿಸಿ. ಇಲ್ಲಿ ಗಮನ ಕೊಡದೆ ‘ನೆಕ್ಸ್ಟ್’ ಒತ್ತಿದರೆ ಒಂದೇ ಡಿಸ್ಕ್‌ಗೆ ಹೋಗಿ ಕೂರುತ್ತದೆ. ಆಮೇಲೆ ಬದಲಾಯಿಸುವುದು ಅಂದರೆ ಮತ್ತೆ ಮೊದಲಿನಿಂದ ಶುರು.

ದೇಶ ಇಂಡಿಯಾ ಅಂತ ಕೊಟ್ಟರೆ ಟೈಮ್ ಝೋನ್ ತಾನೇ ಬರುತ್ತದೆ. ಪಾಸ್‌ವರ್ಡ್ ಗಟ್ಟಿಯಾಗಿರಲಿ. ಮಿಲ್ ಹೆಸರು, ಅದರ ಮುಂದೆ 123 ಇಡುವ ಅಭ್ಯಾಸ ಇಲ್ಲಿ ಬೇಡ. ಇಮೇಲ್ ವಿಳಾಸ ನಿಜವಾದದ್ದೇ ಕೊಡಿ. ಹೋಸ್ಟ್‌ನೇಮ್ (ಸರ್ವರ್‌ನ ಹೆಸರು) ಯೋಚಿಸಿ ಇಡಿ, ಮುಂದೆ ಬದಲಾಯಿಸುವುದು ತಲೆನೋವು. ಐಪಿ ವಿಳಾಸ ಸ್ಥಿರವಾಗಿರಬೇಕು. ನಿಮ್ಮ ರೂಟರ್ ತಾನಾಗಿ ಹಂಚುವ ವಿಳಾಸಗಳ ಸಾಲಿನಿಂದ ಹೊರಗಿನದೊಂದನ್ನು ಆರಿಸಿ. ಇಲ್ಲವಾದರೆ ಒಂದು ದಿನ ಯಾರದೋ ಮೊಬೈಲಿಗೂ ಅದೇ ವಿಳಾಸ ಹೋಗಿ ಎರಡೂ ಗೊಂದಲಕ್ಕೆ ಬೀಳುತ್ತವೆ.

ಮುಗಿದ ಮೇಲೆ ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ. ಕಪ್ಪು ಪರದೆಯ ಮೇಲೆ ಒಂದು ವಿಳಾಸ ಕಾಣುತ್ತದೆ, ಕೊನೆಯಲ್ಲಿ 8006 ಅನ್ನುವ ಪೋರ್ಟ್ ಸಂಖ್ಯೆ ಇರುತ್ತದೆ. ಇನ್ನು ಮಾನಿಟರ್ ಬೇಕಾಗುವುದು ಅಪರೂಪ. ನಿಮ್ಮ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಆ ವಿಳಾಸ ಹಾಕಿ. ಸರ್ಟಿಫಿಕೇಟ್ ಸರಿ ಇಲ್ಲ ಅಂತ ಬ್ರೌಸರ್ ಹೆದರಿಸುತ್ತದೆ. ಅದು ನಿಮ್ಮದೇ ಯಂತ್ರ, ನಿಮ್ಮದೇ ನೆಟ್‌ವರ್ಕ್, ಮುಂದುವರಿಯಿರಿ. ಬಳಕೆದಾರ ರೂಟ್, ರೆಲ್ಮ್ ಲಿನಕ್ಸ್ ಪಾಮ್.

ಒಳಗೆ ಹೋದ ತಕ್ಷಣ ‘ಸಬ್‌ಸ್ಕ್ರಿಪ್ಷನ್ ಇಲ್ಲ’ ಅನ್ನುವ ಕಿಟಕಿ ಬರುತ್ತದೆ. ಎಷ್ಟೋ ಜನ ಇದನ್ನು ನೋಡಿ ಟ್ರಯಲ್ ಆವೃತ್ತಿ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ, ಎಲ್ಲ ಸೌಲಭ್ಯವೂ ತೆರೆದೇ ಇದೆ. ಚಂದಾ ಕಟ್ಟಿದವರಿಗೆ ಹೆಚ್ಚು ಪರೀಕ್ಷೆಯಾದ ಅಪ್‌ಡೇಟ್‌ಗಳು ಮತ್ತು ಕಂಪನಿಯ ಸಪೋರ್ಟ್ ಸಿಗುತ್ತದೆ ಅಷ್ಟೇ. ಚಂದಾ ಇಲ್ಲದವರು ಎಡಗಡೆ ಸರ್ವರ್ ಹೆಸರು ಒತ್ತಿ, ‘ಅಪ್‌ಡೇಟ್ಸ್’ ಕೆಳಗಿನ ‘ರೆಪಾಸಿಟರೀಸ್’ಗೆ ಹೋಗಬೇಕು. ಅಲ್ಲಿ ಎಂಟರ್‌ಪ್ರೈಸ್ ಅಂತ ಇರುವುದನ್ನೆಲ್ಲ ಡಿಸೇಬಲ್ ಮಾಡಿ, ‘ನೋ ಸಬ್‌ಸ್ಕ್ರಿಪ್ಷನ್’ ಸೇರಿಸಿ, ಆಮೇಲೆ ಒಮ್ಮೆ ಪೂರ್ತಿ ಅಪ್‌ಗ್ರೇಡ್ ಕೊಡಿ.

ಮೊದಲ ವಿಎಂ: ಟ್ಯಾಲಿಗೆ ವಿಂಡೋಸ್

ಎರಡು ಐಎಸ್‌ಒ ಬೇಕು. ಒಂದು ವಿಂಡೋಸ್‌ದು, ಇನ್ನೊಂದು ವಿಎಂನ ಡಿಸ್ಕ್, ನೆಟ್‌ವರ್ಕ್‌ಗಳನ್ನು ವಿಂಡೋಸ್‌ಗೆ ಪರಿಚಯಿಸುವ ವರ್ಟ್‌ಐಒ ಡ್ರೈವರ್‌ಗಳದು. ಎರಡನ್ನೂ ‘ಲೋಕಲ್’ ಸ್ಟೋರೇಜ್‌ನ ಐಎಸ್‌ಒ ಇಮೇಜಸ್‌ಗೆ ಅಪ್‌ಲೋಡ್ ಮಾಡಿ. ಮೇಲೆ ಬಲಗಡೆ ‘ಕ್ರಿಯೇಟ್ ವಿಎಂ’ ಒತ್ತಿ.

ಓಎಸ್ ವಿಂಡೋಸ್ ಅಂತ ಆರಿಸಿ, ಅಲ್ಲೇ ಡ್ರೈವರ್ ಐಎಸ್‌ಒ ಸೇರಿಸುವ ಟಿಕ್ ಕೂಡ ಇದೆ. ವಿಂಡೋಸ್ 11 ಆದರೆ ಯುಇಎಫ್‌ಐ (ಹೊಸ ಥರದ ಬಯೋಸ್) ಮತ್ತು ಟಿಪಿಎಂ (ಭದ್ರತಾ ಚಿಪ್) ಸೇರಿಸಬೇಕು. ಡಿಸ್ಕ್ ‘ಸ್ಕಸಿ’, ಕಂಟ್ರೋಲರ್ ‘ವರ್ಟ್‌ಐಒ ಸ್ಕಸಿ ಸಿಂಗಲ್’. ನೆಟ್‌ವರ್ಕ್ ‘ವರ್ಟ್‌ಐಒ’. ‘ಡಿಸ್ಕಾರ್ಡ್’ ಟಿಕ್ ಮಾಡಿ, ಅಳಿಸಿದ ಜಾಗ ಆಗ ಮಾತ್ರ ಸರ್ವರ್‌ಗೆ ವಾಪಸ್ ಬರುತ್ತದೆ. ಕೋರ್ 4, ರ‍್ಯಾಮ್ 8ರಿಂದ 16 ಜಿಬಿ.

ವಿಂಡೋಸ್ ಇನ್‌ಸ್ಟಾಲ್ ಆಗುವಾಗ ‘ಯಾವ ಡಿಸ್ಕೂ ಇಲ್ಲ’ ಅನ್ನುತ್ತದೆ. ಹೊಸಬರು ಇಲ್ಲೇ ಕೈಬಿಡುವುದು. ವಿಂಡೋಸ್‌ಗೆ ಈ ವರ್ಚುವಲ್ ಕಂಟ್ರೋಲರ್ ಪರಿಚಯ ಇಲ್ಲ, ಅಷ್ಟೇ ವಿಷಯ. ‘ಲೋಡ್ ಡ್ರೈವರ್’ ಒತ್ತಿ, ಎರಡನೇ ಸಿಡಿಯಲ್ಲಿ ವಿಐಒಸ್ಕಸಿ ಫೋಲ್ಡರ್, ಅದರೊಳಗೆ ನಿಮ್ಮ ವಿಂಡೋಸ್ ಆವೃತ್ತಿ, ಅದರೊಳಗೆ ಎಎಂಡಿ64 ತೋರಿಸಿ. ಡಿಸ್ಕ್ ಕಾಣುತ್ತದೆ. ಇದೇ ಥರ ನೆಟ್‌ಕೆವಿಎಂ ಫೋಲ್ಡರ್‌ನಿಂದ ನೆಟ್‌ವರ್ಕ್ ಡ್ರೈವರ್. ಎಲ್ಲ ಮುಗಿದ ಮೇಲೆ ಅದೇ ಸಿಡಿಯಲ್ಲಿರುವ ಗೆಸ್ಟ್ ಏಜೆಂಟ್ ಹಾಕಿ, ವಿಎಂನ ಆಪ್ಷನ್ಸ್‌ನಲ್ಲೂ ‘ಕ್ಯೂಇಎಂಯು ಗೆಸ್ಟ್ ಏಜೆಂಟ್’ ಆನ್ ಮಾಡಿ. ಇದು ಇದ್ದರೆ ಸರ್ವರ್ ‘ಆಫ್ ಆಗು’ ಅಂದಾಗ ವಿಂಡೋಸ್ ಮರ್ಯಾದೆಯಿಂದ ಆಫ್ ಆಗುತ್ತದೆ. ಬ್ಯಾಕಪ್ ಹೊತ್ತಿನಲ್ಲಿ ಡಿಸ್ಕ್ ಬರಹವನ್ನು ಒಂದು ಕ್ಷಣ ತಡೆದು ಹಿಡಿಯುವುದೂ ಇದರಿಂದಲೇ.

ಲೈಸೆನ್ಸ್ ಮರೆಯಬೇಡಿ. ವರ್ಚುವಲ್ ಆದರೂ ವಿಂಡೋಸ್‌ಗೆ ಲೈಸೆನ್ಸ್ ಬೇಕು. ಸಾಮಾನ್ಯ ವಿಂಡೋಸ್‌ನಲ್ಲಿ ರಿಮೋಟ್‌ನಿಂದ ಒಂದು ಹೊತ್ತಿಗೆ ಒಬ್ಬರೇ ಕೂರಬಹುದು. ನಾಲ್ಕು ಜನ ಒಟ್ಟಿಗೆ ಬೇಕಾದರೆ ವಿಂಡೋಸ್ ಸರ್ವರ್ ಮತ್ತು ಅದಕ್ಕೆ ತಕ್ಕ ಬಳಕೆದಾರ ಲೈಸೆನ್ಸ್‌ಗಳು ಬೇಕು. ಟ್ಯಾಲಿ ಲೈಸೆನ್ಸನ್ನು ಹಳೇ ಪಿಸಿಯಲ್ಲಿ ‘ಸರೆಂಡರ್’ ಮಾಡಿ, ಆಮೇಲೆ ಹೊಸ ವಿಎಂನಲ್ಲಿ ಆಕ್ಟಿವೇಟ್ ಮಾಡಿ. ಹಳೇ ಪಿಸಿಯನ್ನು ಫಾರ್ಮ್ಯಾಟ್ ಮಾಡುವುದು ಇದೆಲ್ಲ ಮುಗಿದ ಮೇಲೆ.

ಫೈಲ್ ಶೇರಿಂಗ್‌ಗೆ ಇನ್ನೊಂದು ಪೂರ್ತಿ ವಿಂಡೋಸ್ ಬೇಡ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಎಲ್‌ಎಕ್ಸ್‌ಸಿ ಕಂಟೇನರ್ ಇದೆ. ಇದಕ್ಕೆ ತನ್ನದೇ ಕರ್ನಲ್ ಇರುವುದಿಲ್ಲ, ಸರ್ವರ್‌ನ ಕರ್ನಲ್ಲನ್ನೇ ಹಂಚಿಕೊಳ್ಳುತ್ತದೆ. ಹಾಗಾಗಿ 1 ಜಿಬಿ ರ‍್ಯಾಮ್‌ನಲ್ಲಿ ಸಾಂಬಾ ಫೈಲ್ ಸರ್ವರ್ ಆರಾಮಾಗಿ ಓಡುತ್ತದೆ. ಟೆಂಪ್ಲೇಟ್ ಇಳಿಸಿಕೊಂಡು, ‘ಅನ್‌ಪ್ರಿವಿಲೆಜ್ಡ್’ ಟಿಕ್ ಹಾಗೇ ಬಿಟ್ಟು ಮಾಡಿ.

ಇನ್ನು ಹಂಚಿಕೆ. ಪ್ರೊಸೆಸರ್ ಕೋರ್‌ಗಳನ್ನು ಇರುವುದಕ್ಕಿಂತ ಜಾಸ್ತಿ ಹಂಚಿದರೂ ನಡೆಯುತ್ತದೆ, ಎಲ್ಲರೂ ಒಂದೇ ಕ್ಷಣಕ್ಕೆ ದುಡಿಯುವುದಿಲ್ಲವಲ್ಲ. ರ‍್ಯಾಮ್ ಹಾಗಲ್ಲ. ತುಂಗಭದ್ರಾ ಎಡದಂಡೆಯಲ್ಲಿ ಮೇಲ್ಭಾಗದವರು ಅಳತೆ ಮೀರಿ ನೀರು ಎಳೆದರೆ ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದವರ ಹೊಲ ಒಣಗುತ್ತದೆ ಅಲ್ವಾ, ರ‍್ಯಾಮ್ ಕಥೆಯೂ ಅದೇ. ಒಂದು ವಿಎಂಗೆ ಜಾಸ್ತಿ ಕೊಟ್ಟಿದ್ದಕ್ಕೆ ಇನ್ಯಾವುದೋ ವಿಎಂ ದಿಢೀರ್ ಅಂತ ಸಾಯುತ್ತದೆ. 64 ಜಿಬಿ ಇದ್ದರೆ ಹೀಗೆ ಹಂಚಿ: ಸರ್ವರ್‌ಗೇ 4, ಝಡ್‌ಎಫ್‌ಎಸ್ ಕ್ಯಾಷ್‌ಗೆ 6, ಟ್ಯಾಲಿ ವಿಂಡೋಸ್‌ಗೆ 16, ಬಿಲ್ಲಿಂಗ್‌ಗೆ 8, ಫೈಲ್ ಸರ್ವರ್‌ಗೆ 2, ಪ್ರಯೋಗಕ್ಕೆ 8. ಉಳಿದ 20 ಜಿಬಿ ಮುಂದಿನ ವರ್ಷಕ್ಕೆ.

ಕರೆಂಟು, ಬಿಸಿಲು, ಧೂಳು

ಜೆಸ್ಕಾಂ ಕರೆಂಟು ಹೋದಾಗ ಜನರೇಟರ್ ಹೊತ್ತಿಕೊಳ್ಳುವವರೆಗಿನ ಒಂದೆರಡು ನಿಮಿಷವೇ ಅಪಾಯದ ಹೊತ್ತು. ಮಿಲ್‌ನಲ್ಲಿ ಇನ್ನೂ ಒಂದು ಕಾಟ ಇದೆ. ದೊಡ್ಡ ಮೋಟಾರ್ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ. ಬಲ್ಬು ಮಿಣುಕಿದರೆ ಯಾರಿಗೂ ಚಿಂತೆಯಿಲ್ಲ, ಸರ್ವರ್‌ಗೆ ಅದು ಪೆಟ್ಟು. ಮನೆಯ ಇನ್ವರ್ಟರ್ ಇದಕ್ಕೆ ಆಗುವುದಿಲ್ಲ. ಕರೆಂಟು ಹೋಗಿ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿರಬಹುದು. ಆನ್‌ಲೈನ್ ಯುಪಿಎಸ್ ಕೊಳ್ಳಿ. ಅದರಲ್ಲಿ ಸರ್ವರ್‌ಗೆ ಯಾವಾಗಲೂ ಯುಪಿಎಸ್‌ನ ಇನ್ವರ್ಟರ್ ಮೂಲಕವೇ ಕರೆಂಟು ಹೋಗುವುದರಿಂದ ಬದಲಾಗುವ ಹೊತ್ತು ಅನ್ನುವುದೇ ಇರುವುದಿಲ್ಲ. ಸರ್ವರ್ ಮಾತ್ರ ಸಾಲದು, ನೆಟ್‌ವರ್ಕ್ ಸ್ವಿಚ್ಚೂ ರೂಟರೂ ಅದೇ ಯುಪಿಎಸ್‌ಗೆ ಬರಲಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಅಳೆಸಿ.

ಯುಪಿಎಸ್‌ಗೆ ಯುಎಸ್‌ಬಿ ಪೋರ್ಟ್ ಇರಬೇಕು. ಆ ಕೇಬಲ್ಲನ್ನು ಸರ್ವರ್‌ಗೆ ಚುಚ್ಚಿ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿ. ಬ್ಯಾಟರಿ ಇಳಿಯುತ್ತಿದೆ ಅಂತ ಯುಪಿಎಸ್ ಹೇಳಿದಾಗ ಇದು ಸರ್ವರ್‌ಗೆ ಆಫ್ ಆಗಲು ಹೇಳುತ್ತದೆ. ಸರ್ವರ್ ಒಂದೊಂದೇ ವಿಎಂ ಮುಚ್ಚುತ್ತದೆ. ಒಂದು ವಿಎಂ ಮುಚ್ಚಲು ಪ್ರಾಕ್ಸ್‌ಮಾಕ್ಸ್ ಸಾಮಾನ್ಯವಾಗಿ 180 ಸೆಕೆಂಡ್‌ವರೆಗೆ ಕಾಯುತ್ತದೆ. ಬ್ಯಾಟರಿ ಕೊನೆಯ ಎರಡು ನಿಮಿಷಕ್ಕೆ ಬಂದಾಗ ಸಂಕೇತ ಕೊಟ್ಟರೆ ಏನೂ ಉಪಯೋಗವಿಲ್ಲ. ಕನಿಷ್ಠ ಹತ್ತು ನಿಮಿಷ ಉಳಿದಿರುವಾಗಲೇ ಶುರುವಾಗಲಿ. ಹೊಂದಿಸಿದ ಮೇಲೆ ಒಂದು ಭಾನುವಾರ ಯುಪಿಎಸ್‌ನ ಪ್ಲಗ್ ಕಿತ್ತು ನಿಂತು ನೋಡಿ. ನೋಡದೆ ನಂಬಬೇಡಿ.

ಕರೆಂಟು ಬಂದ ಮೇಲೆ ತಾನೇ ಆನ್ ಆಗಲು ಬಯೋಸ್‌ನಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ. ಪ್ರತಿ ವಿಎಂನ ಆಪ್ಷನ್ಸ್‌ನಲ್ಲಿ ‘ಸ್ಟಾರ್ಟ್ ಅಟ್ ಬೂಟ್’ ಕೂಡ ಆನ್ ಮಾಡಿ. ಡೇಟಾಬೇಸ್ ಮೊದಲು, ಅದನ್ನು ಬಳಸುವವು ಆಮೇಲೆ ಬರುವ ಹಾಗೆ ಸರದಿ ಕೊಡಿ.

ಬಿಸಿಲಿನ ಮಾತು. ಹೆಚ್ಚಿನ ಸರ್ವರ್‌ಗಳು 35 ಡಿಗ್ರಿವರೆಗಿನ ಗಾಳಿಗೆ ತಯಾರಾದವು. ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಏಪ್ರಿಲ್-ಮೇ ತಿಂಗಳು ಹೊರಗೇ 40 ದಾಟುತ್ತದೆ. ತಗಡಿನ ಶೆಡ್ ಆದರೆ ಕೇಳುವುದೇ ಬೇಡ. ಮುಚ್ಚಿದ ಸಣ್ಣ ಕೋಣೆಗಿಂತ ಏಸಿ ಇರುವ ಆಫೀಸ್ ಕೋಣೆಯ ನೆರಳಿನ ಮೂಲೆ ಒಳ್ಳೆಯದು. ಏಸಿ ರಾತ್ರಿ ಆಫ್ ಆಗುತ್ತದೆ ಅನ್ನುವುದನ್ನು ನೆನಪಿಟ್ಟು, ರಾತ್ರಿಯ ಕೆಲಸಗಳನ್ನು ನಸುಕಿನ ತಂಪು ಹೊತ್ತಿಗೆ ಇಡಿ. ತೌಡು ಮತ್ತು ಹೊಟ್ಟಿನ ಪುಡಿ ಇನ್ನೂ ಕೆಟ್ಟದ್ದು, ಹೀಟ್‌ಸಿಂಕ್ ಮೇಲೆ ಕಂಬಳಿ ಹೊದಿಸಿಬಿಡುತ್ತದೆ. ನೆಲದಿಂದ ಎರಡಡಿ ಮೇಲೆ ಇಡಿ, ಸೀಸನ್‌ನಲ್ಲಿ ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ.

ಬ್ಯಾಕಪ್, ಅದಕ್ಕಿಂತ ಮುಖ್ಯವಾಗಿ ರಿಸ್ಟೋರ್

ಸ್ನ್ಯಾಪ್‌ಶಾಟ್ ತೆಗೆದಿದ್ದೇನೆ, ಬ್ಯಾಕಪ್ ಆಯಿತು ಅನ್ನುವವರು ತುಂಬಾ ಜನ. ಸ್ನ್ಯಾಪ್‌ಶಾಟ್ ಅಂದರೆ ವಿಎಂನ ಆ ಕ್ಷಣದ ಸ್ಥಿತಿಯ ಗುರುತು, ಅದು ಇರುವುದು ಅದೇ ಡಿಸ್ಕ್ ಮೇಲೆ. ಟ್ಯಾಲಿ ಅಪ್‌ಗ್ರೇಡ್ ಮಾಡುವ ಮೊದಲು ಒಂದು ತೆಗೆದು, ಎಲ್ಲ ಸರಿ ಇದ್ದರೆ ಸಂಜೆ ಅಳಿಸುವುದಕ್ಕೆ ಅದು ಬಹಳ ಒಳ್ಳೆಯದು. ಯಂತ್ರವೇ ಹೋದರೆ ಅದೂ ಜೊತೆಗೇ ಹೋಗುತ್ತದೆ. ಎರಡು ಡಿಸ್ಕ್‌ನ ಜೋಡಿಯೂ ಅಷ್ಟೇ. ಫೈಲ್ ಅಳಿಸಿದರೆ ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ.

ನಿಜವಾದ ಬ್ಯಾಕಪ್‌ಗೆ ಬೇರೆ ಯಂತ್ರ ಬೇಕು. ಹಳೇ ಪಿಸಿ ಒಂದಕ್ಕೆ ದೊಡ್ಡ ಡಿಸ್ಕ್ ಹಾಕಿ, ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಇನ್‌ಸ್ಟಾಲ್ ಮಾಡಿ. ಅದೂ ಓಪನ್ ಸೋರ್ಸ್. ಮೊದಲ ಸಲ ಪೂರ್ತಿ ಕಾಪಿ ತೆಗೆದುಕೊಳ್ಳುತ್ತದೆ, ಆಮೇಲೆ ಬದಲಾದ ತುಣುಕುಗಳನ್ನು ಮಾತ್ರ. ಹಾಗಾಗಿ ತಿಂಗಳುಗಟ್ಟಲೆ ಬ್ಯಾಕಪ್ ಇಟ್ಟರೂ ಜಾಗ ಕಡಿಮೆ ಸಾಕು. ಇದನ್ನು ಅದೇ ಸರ್ವರ್‌ನ ಒಳಗೆ ಒಂದು ವಿಎಂ ಆಗಿ ಹಾಕುವ ಆಸೆ ಬೇಡ.

ಡೇಟಾಸೆಂಟರ್, ಬ್ಯಾಕಪ್, ಆಡ್ ಒತ್ತಿ ವೇಳೆ ಇಡಿ. ಮಧ್ಯಾಹ್ನ ಊಟದ ಹೊತ್ತಿಗೆ ಒಂದು, ನಸುಕಿಗೆ ಒಂದು. ಎಷ್ಟು ದಿನ ಇಟ್ಟುಕೊಳ್ಳಬೇಕು ಅನ್ನುವುದಕ್ಕೆ ದಿನದ್ದು 7, ವಾರದ್ದು 4, ತಿಂಗಳದ್ದು 6 ಅಂತ ಶುರು ಮಾಡಿ. ಯುಎಸ್‌ಬಿ ಡಿಸ್ಕ್‌ಗೆ ಬ್ಯಾಕಪ್ ಇಡುವವರಿಗೆ ಒಂದು ಎಚ್ಚರಿಕೆ. ಡಿಸ್ಕ್ ಕಳಚಿದ್ದರೂ ಆ ಫೋಲ್ಡರ್ ಹಾಗೇ ಇರುತ್ತದೆ. ಬ್ಯಾಕಪ್ ಹೋಗಿ ಸರ್ವರ್‌ನ ಸ್ವಂತ ಡಿಸ್ಕ್‌ನಲ್ಲಿ ತುಂಬಿಕೊಂಡು, ಎಲ್ಲವೂ ನಿಲ್ಲುತ್ತದೆ. ಆ ಸ್ಟೋರೇಜ್‌ಗೆ ‘ಈಸ್ ಮೌಂಟ್‌ಪಾಯಿಂಟ್’ ಸೆಟ್ಟಿಂಗ್ ಕೊಟ್ಟರೆ, ಡಿಸ್ಕ್ ಇಲ್ಲದಾಗ ಅದು ಬರೆಯುವುದೇ ಇಲ್ಲ.

ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದರೆ ಅದು ಮೊದಲು ಹುಡುಕುವುದೇ ಬ್ಯಾಕಪ್ಪನ್ನು. ಬ್ಯಾಕಪ್ ಸರ್ವರ್‌ಗೆ ಬೇರೆಯೇ ಪಾಸ್‌ವರ್ಡ್ ಇರಲಿ. ಮುಖ್ಯ ಸರ್ವರ್ ಬಳಸುವ ಖಾತೆಗೆ ಬರೆಯುವ ಅನುಮತಿ ಮಾತ್ರ ಕೊಡಿ, ಅಳಿಸುವ ಅನುಮತಿ ಬೇಡ. ವಾರಕ್ಕೊಮ್ಮೆ ಒಂದು ಕಾಪಿ ಮಿಲ್‌ನಿಂದ ಹೊರಗೆ ಹೋಗಲಿ, ಸಾಹುಕಾರರ ಮನೆಗೇ ಆದರೂ ಸರಿ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಿದ್ದರೆ ಇದು ಬರೀ ಜಾಣತನದ ಮಾತಲ್ಲ. ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲೇ ಇರುವ ಸರ್ವರ್‌ನಲ್ಲಿ ದಿನಾ ಇಡಬೇಕು ಅಂತ 2022ರಲ್ಲಿ ಕಂಪನಿ ನಿಯಮ ಬದಲಾಗಿದೆ. ವಿವರ ನಿಮ್ಮ ಆಡಿಟರ್ ಹತ್ತಿರ ಕೇಳಿ.

ಈಗ ರಿಸ್ಟೋರ್, ಅಂದರೆ ಬ್ಯಾಕಪ್‌ನಿಂದ ವಾಪಸ್ ತರುವುದು. ತಿಂಗಳಿಗೊಮ್ಮೆ ಟ್ಯಾಲಿ ವಿಎಂನ ಬ್ಯಾಕಪ್ ಆರಿಸಿ, ಹೊಸ ವಿಎಂ ಸಂಖ್ಯೆ ಕೊಟ್ಟು ರಿಸ್ಟೋರ್ ಮಾಡಿ. ‘ಯುನೀಕ್’ ಟಿಕ್ ಮಾಡಿ, ನೆಟ್‌ವರ್ಕ್ ಕಾರ್ಡಿನ ಗುರುತಾದ ಮ್ಯಾಕ್ ವಿಳಾಸ ಬೇರೆ ಆಗುತ್ತದೆ. ಸ್ಟಾರ್ಟ್ ಮಾಡುವ ಮೊದಲು ಅದರ ನೆಟ್‌ವರ್ಕ್ ಕಾರ್ಡ್‌ಗೆ ಹೋಗಿ ‘ಡಿಸ್ಕನೆಕ್ಟ್’ ಟಿಕ್ ಮಾಡಿ. ಇಲ್ಲದಿದ್ದರೆ ಒಂದೇ ಐಪಿಯ ಎರಡು ಟ್ಯಾಲಿ ಎದುರುಬದುರು ನಿಲ್ಲುತ್ತವೆ, ಯಾರೋ ಗುಮಾಸ್ತರು ತಪ್ಪಿದ್ದರಲ್ಲಿ ಬಿಲ್ ಹಾಕಿಬಿಡುತ್ತಾರೆ. ಆಮೇಲೆ ಆನ್ ಮಾಡಿ, ಪರದೆ ತೆಗೆದು, ನಿನ್ನೆಯ ಕೊನೆಯ ಬಿಲ್ ಇದೆಯೇ ನೋಡಿ. ಇದ್ದರೆ ಅಳಿಸಿ. ಎಷ್ಟು ನಿಮಿಷ ಹಿಡಿಯಿತು ಅಂತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ನಿಜವಾಗಿ ಕೆಟ್ಟ ದಿನ ಸಾಹುಕಾರರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಅದೇ.

ಹೊರಗಿನಿಂದ ನೋಡುವುದು

ಮನೆಯಿಂದ ಟ್ಯಾಲಿ ನೋಡಬೇಕು ಅಂತ ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ ತೆರೆದಿಟ್ಟರೆ ಕಳ್ಳರು ಹುಡುಕಿಕೊಂಡು ಬರುತ್ತಾರೆ. 8006 ಕೂಡ ಇಂಟರ್‌ನೆಟ್‌ಗೆ ತೆರೆಯಬೇಡಿ. ವೈರ್‌ಗಾರ್ಡ್ ವಿಪಿಎನ್ (ಇಂಟರ್‌ನೆಟ್ ಮೇಲೆ ನಿಮಗಷ್ಟೇ ಇರುವ ಗುಪ್ತ ದಾರಿ) ಹಾಕಿ, ಅದರ ಮೂಲಕ ಮಾತ್ರ ಒಳಗೆ ಬನ್ನಿ. ನಮ್ಮ ಕಡೆಯ ಎಷ್ಟೋ ಫೈಬರ್ ಕನೆಕ್ಷನ್‌ಗಳಲ್ಲಿ ನಿಮಗೇ ಅಂತ ಪಬ್ಲಿಕ್ ಐಪಿ ಕೊಟ್ಟಿರುವುದಿಲ್ಲ, ಹಲವು ಮನೆಗೆ ಒಂದೇ ಇರುತ್ತದೆ. ಆಗ ಹೊರಗಿನಿಂದ ನೇರ ಬರಲಾಗುವುದಿಲ್ಲ. ಸ್ಟ್ಯಾಟಿಕ್ ಐಪಿ ಕೇಳಿ, ಇಲ್ಲವೇ ಸಣ್ಣದೊಂದು ಬಾಡಿಗೆ ಸರ್ವರ್ ತೊಗೊಂಡು ಅದರ ಮೂಲಕ ವೈರ್‌ಗಾರ್ಡ್ ತಿರುಗಿಸಿ. ಪ್ರಾಕ್ಸ್‌ಮಾಕ್ಸ್‌ನ ಲಾಗಿನ್‌ಗೆ ಎರಡನೇ ಹಂತದ ಓಟಿಪಿಯನ್ನೂ ಆನ್ ಮಾಡಿ.

ಎರಡನೇ ಯಂತ್ರ ಬಂದರೆ

ಎರಡು ಪ್ರಾಕ್ಸ್‌ಮಾಕ್ಸ್ ಯಂತ್ರಗಳನ್ನು ಕ್ಲಸ್ಟರ್ ಮಾಡಬಹುದು, ಅಂದರೆ ಒಂದು ಗುಂಪಾಗಿ ಜೋಡಿಸಬಹುದು. ಒಂದರ ವಿಎಂ ಕಾಪಿ ಹದಿನೈದು ನಿಮಿಷಕ್ಕೊಮ್ಮೆ ಇನ್ನೊಂದಕ್ಕೆ ಹೋಗುವ ಹಾಗೆ ಝಡ್‌ಎಫ್‌ಎಸ್ ರೆಪ್ಲಿಕೇಷನ್ ಇಡಬಹುದು. ಒಂದು ತೊಡಕಿದೆ. ಕ್ಲಸ್ಟರ್‌ನಲ್ಲಿ ಬಹುಮತದ ಲೆಕ್ಕ ನಡೆಯುತ್ತದೆ. ಎರಡರಲ್ಲಿ ಒಂದು ಸತ್ತರೆ ಉಳಿದದ್ದಕ್ಕೆ ಬಹುಮತವಿಲ್ಲ, ಅದು ಹೊಸ ವಿಎಂ ಶುರು ಮಾಡಲು ಒಪ್ಪುವುದಿಲ್ಲ. ಮೂರನೇ ಮತಕ್ಕೆ ರಾಸ್‌ಬೆರಿ ಪೈನಂಥ ಸಣ್ಣ ಯಂತ್ರವನ್ನು ‘ಕ್ಯೂಡಿವೈಸ್’ ಆಗಿ ಸೇರಿಸಿ. ಸೆಫ್ ಅನ್ನುವ ಹಂಚಿದ ಸ್ಟೋರೇಜ್ ಬಗ್ಗೆ ಓದಿ ಉತ್ಸಾಹ ಬಂದಿದ್ದರೆ ತಡೆದುಕೊಳ್ಳಿ. ಅದಕ್ಕೆ ಕನಿಷ್ಠ ಮೂರು ಒಳ್ಳೆಯ ಯಂತ್ರ ಮತ್ತು 10 ಗಿಗಾಬಿಟ್ ನೆಟ್‌ವರ್ಕ್ ಇರಬೇಕು. ಮಿಲ್‌ಗೆ ಬೇಕಿಲ್ಲ.

ಇದು ಕ್ಲೌಡ್ ಆಯಿತೇ? ಪಬ್ಲಿಕ್ ಕ್ಲೌಡ್ ಯಾವಾಗ?

ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2011ರಲ್ಲಿ ಕ್ಲೌಡ್‌ಗೆ ಐದು ಲಕ್ಷಣ ಹೇಳಿದೆ. ಬೇಕಾದವರು ತಾವೇ ಯಂತ್ರ ಪಡೆಯಬೇಕು, ನೆಟ್‌ವರ್ಕ್ ಮೂಲಕ ಎಲ್ಲಿಂದಲೂ ಸಿಗಬೇಕು, ಸಂಪನ್ಮೂಲ ಹಂಚಿಕೆಯಲ್ಲಿರಬೇಕು, ಬೇಗ ಹಿಗ್ಗಬೇಕು ಕುಗ್ಗಬೇಕು, ಬಳಕೆ ಅಳೆಯುವಂತಿರಬೇಕು. ಮಿಲ್ ಆಫೀಸಿನಲ್ಲಿ ಮೊದಲನೆಯದು ಬೇಕಾಗುವುದೇ ಇಲ್ಲ, ವರ್ಷಕ್ಕೆ ಒಂದೋ ಎರಡೋ ವಿಎಂ ಮಾಡುವವರಿಗೆ ಯಾಕೆ? ಕಾಲೇಜಿನ ಕಥೆ ಬೇರೆ. ಅರವತ್ತು ವಿದ್ಯಾರ್ಥಿಗಳಿಗೆ ಸೆಮಿಸ್ಟರ್ ಪೂರ್ತಿ ಒಂದೊಂದು ಲಿನಕ್ಸ್ ಬೇಕು, ಮುಗಿದ ಮೇಲೆ ಅಳಿಸಬೇಕು. ಪ್ರಾಕ್ಸ್‌ಮಾಕ್ಸ್‌ನಲ್ಲೂ ಟೆಂಪ್ಲೇಟ್‌ನಿಂದ ಲಿಂಕ್ಡ್ ಕ್ಲೋನ್ (ಮೂಲದ ಡಿಸ್ಕನ್ನೇ ಹಂಚಿಕೊಳ್ಳುವ ಕಾಪಿ) ಮಾಡಿ, ಪೂಲ್ (ವಿಎಂಗಳ ಗುಂಪು) ಮತ್ತು ಅನುಮತಿ ಕೊಟ್ಟು ಇದನ್ನು ನಡೆಸಬಹುದು. ಲ್ಯಾಬ್‌ಗಳು ಹೆಚ್ಚಾದರೆ ಓಪನ್‌ನೆಬ್ಯುಲಾ ಅಥವಾ ಅಪಾಚೆ ಕ್ಲೌಡ್‌ಸ್ಟ್ಯಾಕ್ ಅನ್ನುವ ಕ್ಲೌಡ್ ಸಾಫ್ಟ್‌ವೇರ್ ನೋಡಿ. 2010ರಲ್ಲಿ ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಶುರು ಮಾಡಿದ ಓಪನ್‌ಸ್ಟ್ಯಾಕ್ ಇವೆಲ್ಲಕ್ಕಿಂತ ದೊಡ್ಡದು. ಅದನ್ನು ಸಾಕಲು ಅದಕ್ಕೇ ಅಂತ ಜನ ಬೇಕು.

ಹೊರಗಿನ ಜನ ಬರುವ ವೆಬ್‌ಸೈಟ್, ಅಡ್ಮಿಷನ್ ಫಾರ್ಮ್ ಇಂಥವನ್ನು ನಮ್ಮ ಊರಿನ ಫೈಬರ್ ಮೇಲೆ ಇಡಬೇಡಿ, ಬಾಡಿಗೆ ಕ್ಲೌಡ್‌ನಲ್ಲಿ ಇಡಿ. ಅಮೆಜಾನ್‌ಗೆ 2022ರಿಂದ ಹೈದರಾಬಾದಿನಲ್ಲೇ ಡೇಟಾಸೆಂಟರ್‌ಗಳಿವೆ, ರಾಯಚೂರಿಗೆ ಬೆಂಗಳೂರಿಗಿಂತ ಹತ್ತಿರ.

ನೀವೇ ಊರಿನವರಿಗೆ ಸರ್ವರ್ ಬಾಡಿಗೆ ಕೊಡುವ ಯೋಚನೆ ಇದ್ದರೆ ಎರಡು ಸಲ ಲೆಕ್ಕ ಹಾಕಿ. ಗಿರಾಕಿಗಳ ವಿಎಂಗಳು ಒಬ್ಬರದ್ದು ಇನ್ನೊಬ್ಬರಿಗೆ ಕಾಣದ ಹಾಗೆ ವಿಲ್ಯಾನ್‌ನಲ್ಲಿ (ಒಂದೇ ನೆಟ್‌ವರ್ಕ್‌ನೊಳಗೆ ಮಾಡುವ ಬೇರೆ ಬೇರೆ ಭಾಗಗಳಲ್ಲಿ) ಬೇರ್ಪಡಿಸಬೇಕು, ಪಬ್ಲಿಕ್ ಐಪಿಗಳು ಬೇಕು, ಎರಡು ಬೇರೆ ಕಂಪನಿಗಳ ಇಂಟರ್‌ನೆಟ್ ಬೇಕು. ಮೇಲೆ ಕಾನೂನು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದ ಪ್ರಕಾರ ಸರ್ವರ್ ಬಾಡಿಗೆ ಕೊಡುವವರು ಗಿರಾಕಿಗಳ ವಿವರ ಪರಿಶೀಲಿಸಿ, ಸೇವೆ ಮುಗಿದ ಮೇಲೂ ಐದು ವರ್ಷ ಇಟ್ಟುಕೊಳ್ಳಬೇಕು. ಲಾಗ್‌ಗಳನ್ನು (ಸರ್ವರ್‌ನಲ್ಲಿ ನಡೆದದ್ದರ ದಾಖಲೆ) 180 ದಿನ ಇಡಬೇಕು. ಆದೇಶದಲ್ಲಿ ಪಟ್ಟಿ ಮಾಡಿದ ಸೈಬರ್ ಘಟನೆ ನಡೆದದ್ದು ಗೊತ್ತಾದರೆ ಆರು ಗಂಟೆಯೊಳಗೆ ತಿಳಿಸಬೇಕು. ಒಬ್ಬರೇ ನಡೆಸುವ ಅಂಗಡಿಯಲ್ಲಿ ಈ ಆರು ಗಂಟೆ ಕಷ್ಟ. ಅದರ ಬದಲು ನಾಲ್ಕಾರು ಮಿಲ್‌ಗಳ ಸರ್ವರ್‌ಗಳನ್ನು ಅವರವರ ಜಾಗದಲ್ಲೇ ಇಟ್ಟು, ನಿರ್ವಹಣೆ ಮತ್ತು ತಿಂಗಳ ರಿಸ್ಟೋರ್ ಪರೀಕ್ಷೆಯನ್ನು ನೀವು ವಹಿಸಿಕೊಳ್ಳಿ. ಬ್ಯಾಕಪ್ ಸರ್ವರ್‌ಗಳ ಸಿಂಕ್ ಸೌಲಭ್ಯ ಬಳಸಿ ಒಂದು ಮಿಲ್‌ನ ಬ್ಯಾಕಪ್ಪನ್ನು ಎನ್‌ಕ್ರಿಪ್ಟ್ ಮಾಡಿ ಇನ್ನೊಂದರಲ್ಲಿ ಇಡಬಹುದು. ಎನ್‌ಕ್ರಿಪ್ಷನ್ ಕೀ ಆಯಾ ಸಾಹುಕಾರರ ತಿಜೋರಿಯಲ್ಲಿ ಪ್ರಿಂಟ್ ಆಗಿ ಇರಲಿ. ಅದು ಕಳೆದರೆ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.